ಬೀಳ್ಕೊಡುವ ಕ್ಷೇತ್ರ: ಕೂಡಲಸಂಗಮದ ಒಂದು ದಿನದ ಯಾತ್ರೆ ಎತ್ತುವ ಪ್ರಶ್ನೆ

ದೇವರನ್ನು ಗುಡಿಯ ಗರ್ಭದಿಂದಲೂ ನದಿಯ ಮೆಟ್ಟಿಲಿನಿಂದಲೂ ಬಿಡಿಸಿ ಮನುಷ್ಯನ ಅಂಗೈಗೆ ತಂದ ಧರ್ಮಪರಂಪರೆಯೊಂದಕ್ಕೆ ತನ್ನದೇ ಆದ ಪುಣ್ಯಕ್ಷೇತ್ರ ಇರಬಹುದೇ, ಇದ್ದರೆ ಅಲ್ಲಿಗೆ ಹೋಗುವುದರ ಅರ್ಥವೇನು ಎಂಬ ಪ್ರಶ್ನೆ ಶರಣಧರ್ಮದ ಚಿಂತನೆಯಲ್ಲಿ ಹೊಸದೇನಲ್ಲ. ಆದರೆ ಅದು ಕಣ್ಣೆದುರು ಬಂದು ನಿಲ್ಲುವ ಜಾಗವೆಂದರೆ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಸೇರುವ ಕೂಡಲಸಂಗಮ. ಬಸವಣ್ಣನವರು ವಿದ್ಯೆ ಕಲಿತ ಊರೆಂದೂ ಕೊನೆಗೆ ಐಕ್ಯರಾದ ಊರೆಂದೂ ಪರಂಪರೆ ನಂಬುವ ಈ ಸಣ್ಣ ನದೀತೀರದ ಊರು ಇಂದು ಬಹುಪಾಲು ಜನರ ಅನುಭವಕ್ಕೆ ಬರುವುದು ಒಂದು ದಿನದ ಪ್ರವಾಸದ ಕೊನೆಯ ನಿಲುಗಡೆಯಾಗಿ. ಬೆಳಿಗ್ಗೆ ಬಾದಾಮಿಯ ಗುಹೆಗಳು, ಬನಶಂಕರಿ, ಮಹಾಕೂಟ, ಬಿಸಿಲೇರುವ ಹೊತ್ತಿಗೆ ಪಟ್ಟದಕಲ್ಲು ಮತ್ತು ಐಹೊಳೆ, ಹೊತ್ತು ಇಳಿಯುವಾಗ ಸಂಗಮ ಎಂಬ ಕ್ರಮದಲ್ಲಿ ಗೈಡ್ ಒಬ್ಬರ ಹಿಂದೆ ನಡೆಯುವ ಗುಂಪು ಇಲ್ಲಿ ಒಂದೆರಡು ಗಂಟೆ ಕಳೆದು ಹಿಂತಿರುಗುತ್ತದೆ. ಇಂಥ ಭೇಟಿಯನ್ನು ಯಾತ್ರೆಯೆನ್ನಬೇಕೇ, ವಿಹಾರವೆನ್ನಬೇಕೇ ಎಂಬುದು ಮೇಲ್ನೋಟಕ್ಕೆ ಹೆಸರಿನ ಪ್ರಶ್ನೆಯಷ್ಟೇ ಆಗಿ ಕಂಡರೂ, ಅದನ್ನು ಬಿಡಿಸುತ್ತ ಹೋದಂತೆ ಕ್ಷೇತ್ರವೆಂದರೇನು ಎಂಬ ಮೂಲಪ್ರಶ್ನೆಯನ್ನೇ ಎದುರಿಸಬೇಕಾಗುತ್ತದೆ.

ಈ ಚರ್ಚೆಯಲ್ಲಿ ಬಳಕೆಯಾಗುವ ಪದಗಳನ್ನೇ ಮೊದಲು ನೋಡುವುದು ಉಚಿತ. ‘ಯಾತ್ರೆ’ ಎಂಬುದು ಹೋಗುವುದೆಂಬ ಅರ್ಥದ ‘ಯಾ’ ಧಾತುವಿನಿಂದ ಬಂದ ಶಬ್ದ; ‘ತೀರ್ಥ’ವು ದಾಟುವುದೆಂಬ ಅರ್ಥದ ‘ತೄ’ ಧಾತುವಿನಿಂದ ಹುಟ್ಟಿದ್ದು, ಮೂಲತಃ ನದಿಯನ್ನು ದಾಟಲು ಅನುಕೂಲವಾದ ಕಡವನ್ನು ಸೂಚಿಸುತ್ತಿತ್ತು. ಅಂದರೆ ತೀರ್ಥವೆಂಬುದು ಮೊದಲಿಗೆ ತಲುಪಿ ನಿಲ್ಲುವ ಜಾಗವಾಗಿರದೆ ಆಚೆ ದಡಕ್ಕೆ ಹಾಯುವ ಜಾಗವಾಗಿತ್ತು. ಇಂದು ವಿರಾಮದ ಸುತ್ತಾಟಕ್ಕೆ ಮೀಸಲಾಗಿರುವ ‘ಪ್ರವಾಸ’ ಎಂಬ ಶಬ್ದದೊಳಗೆ ನೆಲೆಸುವುದೆಂಬ ಅರ್ಥದ ‘ವಸ್’ ಧಾತುವಿದ್ದು, ಅದು ಮನೆಯನ್ನು ಬಿಟ್ಟು ಬೇರೆಡೆ ಇರುವ ಸ್ಥಿತಿಯನ್ನು ಹೇಳುತ್ತದೆ. ಅಲಂಕಾರಶಾಸ್ತ್ರವು ವಿಪ್ರಲಂಭ ಶೃಂಗಾರದ, ಎಂದರೆ ಅಗಲಿಕೆಯ ಶೃಂಗಾರದ, ಭೇದಗಳಲ್ಲಿ ಪ್ರವಾಸವನ್ನೂ ಎಣಿಸಿರುವುದು ಈ ಕಾರಣದಿಂದಲೇ. ಉಳಿದ ‘ಕ್ಷೇತ್ರ’ವೊಂದೇ ಸ್ಥಿರವಾದ ನೆಲವನ್ನು ಸೂಚಿಸುವ ಪದವಾಗಿದ್ದರೂ, ಅದರ ಮೂಲಾರ್ಥ ಬಿತ್ತುವ ಹೊಲವೆಂದಾಗಿದೆ, ಭಗವದ್ಗೀತೆಯ 13ನೆಯ ಅಧ್ಯಾಯವು ಮನುಷ್ಯದೇಹವನ್ನೇ ಕ್ಷೇತ್ರವೆಂದು ಕರೆದು ಆ ಪದವನ್ನು ಭೂಗೋಳದಿಂದ ಒಳಕ್ಕೆ ತಿರುಗಿಸಿತು. ಹೀಗೆ ಹೋಗುವುದು, ದಾಟುವುದು, ಅಗಲಿರುವುದು, ಬಿತ್ತುವುದು ಎಂಬ ನಾಲ್ಕು ಕ್ರಿಯೆಗಳಲ್ಲಿ ಯಾವುದೊಂದೂ ಪುಣ್ಯದ ದಾಸ್ತಾನಿರುವ ಉಗ್ರಾಣಕ್ಕೆ ಹೋಗಿ ಪಾಲು ತರುವ ಕಲ್ಪನೆಯನ್ನು ಒಳಗೊಂಡಿಲ್ಲವೆಂಬುದು ಗಮನಾರ್ಹ.

ಊರಿನ ಹೆಸರೂ ಇಂಥದೇ ಒಂದು ಸೂಚನೆಯನ್ನು ಕೊಡುತ್ತದೆ. ‘ಕೂಡಲ’ ಎಂಬ ದ್ರಾವಿಡ ಶಬ್ದಕ್ಕೆ ಕೂಡುವ ಜಾಗವೆಂಬ ಅರ್ಥವಿರುವಂತೆಯೇ ‘ಸಂಗಮ’ ಎಂಬ ಸಂಸ್ಕೃತ ಶಬ್ದಕ್ಕೂ ಅದೇ ಅರ್ಥವಿದೆ; ಎರಡು ನದಿಗಳು ಕೂಡಿದ ಜಾಗವನ್ನು ಎರಡು ಭಾಷೆಗಳು ಕೂಡಿಯೇ ಹೆಸರಿಸಿವೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪಟ್ಟದಕಲ್ಲು ಮತ್ತು ಐಹೊಳೆಗಳನ್ನು ಹಾದು ಬರುವ ಮಲಪ್ರಭೆ ಇಲ್ಲಿಂದ ಮುಂದೆ ತನ್ನ ಹೆಸರನ್ನು ಉಳಿಸಿಕೊಳ್ಳುವುದಿಲ್ಲ. ಕೃಷ್ಣೆಯೆಂಬ ಒಂದೇ ಹೆಸರಿನಲ್ಲಿ ಎರಡರ ನೀರೂ ಶ್ರೀಶೈಲದತ್ತ ಹರಿಯುತ್ತದೆ.

ಶರಣರು ಸ್ಥಳಮಹಿಮೆಯನ್ನು ಪ್ರಶ್ನಿಸಿದ್ದು ‘ಸ್ಥಾವರ’ ಮತ್ತು ‘ಜಂಗಮ’ ಎಂಬ ಜೋಡಿಪದಗಳ ಮೂಲಕ. ಸ್ಥಾವರವೆಂದರೆ ನಿಂತಿರುವುದು, ನೆಟ್ಟದ್ದು. ಗುಡಿಯಲ್ಲಿ ಪ್ರತಿಷ್ಠೆಗೊಂಡ ಲಿಂಗ ಸ್ಥಾವರಲಿಂಗವೆನಿಸುತ್ತದೆ. ಜಂಗಮವೆಂದರೆ ಚಲಿಸುವುದು, ಅದು ಸಂಚರಿಸುವ ಗುರುವನ್ನೂ, ಇನ್ನೂ ವಿಶಾಲವಾಗಿ, ಚೈತನ್ಯವಿರುವ ಸಮಾಜವನ್ನೂ ಸೂಚಿಸುವ ಪದವಾಗಿ ಬೆಳೆಯಿತು. ಇವೆರಡರ ನಡುವೆ ಶರಣರು ತಂದ ‘ಇಷ್ಟಲಿಂಗ’ ಎಂಬುದು ಪ್ರತಿಯೊಬ್ಬರೂ ಮೈಮೇಲೆ ಧರಿಸಿ ಅಂಗೈಯಲ್ಲಿಟ್ಟು ಪೂಜಿಸುವ ಲಿಂಗವಾದುದರಿಂದ, ದೇವಾಲಯಕ್ಕೆ ಪ್ರವೇಶವಿಲ್ಲದವರಿಗೂ ದೇವಾಲಯ ಕಟ್ಟಿಸುವ ಶಕ್ತಿಯಿಲ್ಲದವರಿಗೂ ಪೂಜೆಯ ಹಕ್ಕನ್ನು ಸಮನಾಗಿ ಹಂಚಿತು. ಈ ನಿಲುವನ್ನು ಕಲ್ಲಿನ ಮೇಲಿನ ದ್ವೇಷವೆಂದು ತಿಳಿಯುವುದು ತಪ್ಪಾಗುತ್ತದೆ. ಮಧ್ಯಕಾಲದ ದೇವಾಲಯವು ಭೂದಾನ, ಸುಂಕದ ಪಾಲು, ಅರ್ಚಕವೃತ್ತಿ, ನರ್ತನಸೇವೆ ಮುಂತಾದವುಗಳನ್ನೆಲ್ಲ ಒಳಗೊಂಡ ಒಡೆತನದ ವ್ಯವಸ್ಥೆಯಾಗಿತ್ತು. ಯಾರ ಬಳಿ ಸಂಪತ್ತಿದೆಯೋ ಅವರ ಹೆಸರಿನೊಡನೆ ದೇವರೂ ಸೇರಿಕೊಳ್ಳುವ ಆ ಏರ್ಪಾಡಿನ ವಿರುದ್ಧ ಉಳ್ಳವರ ಗುಡಿಗೆ ಎದುರಾಗಿ ಬಡವನ ದೇಹವನ್ನೇ ಗುಡಿಯೆಂದು ಭಾವಿಸುವ ವಿಚಾರ ಹುಟ್ಟಿತು.

ಒಂದೇ ದಿನದಲ್ಲಿ ಪಟ್ಟದಕಲ್ಲನ್ನೂ ಕೂಡಲಸಂಗಮವನ್ನೂ ನೋಡುವವರಿಗೆ ಈ ಮಾತು ಗ್ರಂಥದ ನೆರವಿಲ್ಲದೆಯೇ ತಿಳಿಯಬಹುದು. 1987ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ಇಂದಿಗೂ ಪೂಜೆ ನಡೆಯುವ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದ ಮಧ್ಯಭಾಗದಲ್ಲಿ, ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗಾಗಿ, ಆತನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅಲ್ಲಿನ ದೇವರಿಗೆ ಆಗ ಲೋಕೇಶ್ವರನೆಂದು ಹೆಸರಾಯಿತು. ಪಕ್ಕದ ಮಲ್ಲಿಕಾರ್ಜುನನು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯ ಹೆಸರಿನಿಂದ ತ್ರೈಲೋಕ್ಯೇಶ್ವರನಾಗಿದ್ದನು, ಅದಕ್ಕೂ ಹಿಂದೆ ವಿಜಯಾದಿತ್ಯನು ಕಟ್ಟಿಸಿದ ಸಂಗಮೇಶ್ವರ ಗುಡಿಯಲ್ಲಿ ದೇವರು ವಿಜಯೇಶ್ವರನಾಗಿದ್ದನು. ಕಂಚಿಯ ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿಯೂ ಅದನ್ನು ದೋಚದೆ ದೇವರಿಗೇ ಹಿಂತಿರುಗಿಸಿದುದನ್ನು ಅಲ್ಲಿಯೇ ಕನ್ನಡ ಶಾಸನವಾಗಿ ಬರೆಯಿಸಿದ ವಿಕ್ರಮಾದಿತ್ಯನ ನಡೆಯಲ್ಲಿ ದೊಡ್ಡತನವಿದೆ, ಪಟ್ಟದಕಲ್ಲಿನ ಶಿಲ್ಪದಲ್ಲಿ ಭಕ್ತಿಯೂ ಪ್ರತಿಭೆಯೂ ಇವೆ. ಆದರೂ ಅಲ್ಲಿ ಕೊಡುವವರು ದೇವರಿಗೆ ತಮ್ಮ ಹೆಸರನ್ನು ಇಟ್ಟರು. ನಾಲ್ಕು ಶತಮಾನಗಳ ಬಳಿಕ ಅದೇ ಮಲಪ್ರಭೆಯ ಕೆಳಹರಿವಿನಲ್ಲಿ ಈ ದಿಕ್ಕು ಪೂರ್ತಿ ತಿರುಗಿತು: ಬಸವಣ್ಣನವರು ಯಾವ ದೇವರಿಗೂ ತಮ್ಮ ಹೆಸರಿಡದೆ, ತಮ್ಮ ಪ್ರತಿಯೊಂದು ವಚನದ ಕೊನೆಗೆ ಊರಿನ ದೇವರ ಹೆಸರನ್ನು ಇಟ್ಟರು. ವಚನಕಾರರು ತಮ್ಮ ರಚನೆಯ ಕೊನೆಯಲ್ಲಿ ಇಡುವ ಇಷ್ಟದೈವದ ಹೆಸರಿಗೆ ‘ಅಂಕಿತ’ ಎನ್ನುತ್ತಾರೆ. ಅದು ಕರ್ತೃವಿನ ಗುರುತೂ ಹೌದು, ಕರ್ತೃತ್ವವನ್ನು ಇನ್ನೊಬ್ಬರಿಗೆ ಒಪ್ಪಿಸುವ ಕ್ರಿಯೆಯೂ ಹೌದು.

ಇವೆರಡರ ನಡುವೆ ಐಹೊಳೆಯು ಮೂರನೆಯದೊಂದು ಬಗೆಯನ್ನು ತೋರಿಸುತ್ತದೆ. ಅಲ್ಲಿನ ಲಾಡ್‌ಖಾನ್ ಗುಡಿಗೆ ಆ ಹೆಸರು ಬಂದದ್ದು ಬಹುಕಾಲದ ನಂತರ ಅದರೊಳಗೆ ವಾಸವಾಗಿದ್ದವನಿಂದ; ದುರ್ಗದ ಗುಡಿಗೆ ದುರ್ಗಾದೇವಿಯೊಡನೆ ಸಂಬಂಧವಿಲ್ಲ, ಕೋಟೆಯೆಂಬ ಅರ್ಥದ ದುರ್ಗದಿಂದ ಆ ಹೆಸರು ನಿಂತಿದೆ. 634ರಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕೊರೆಯಿಸಿದ ಮೇಗುಟಿಯ ಬಸದಿ ಬೆಟ್ಟದ ಮೇಲೆ ಇರುವ ಊರಿನಲ್ಲಿಯೇ, ಜನ ಗುಡಿಗಳನ್ನು ಮನೆಗಳಾಗಿ ಬಳಸಿ, ದೇವರ ಹೆಸರು ಮರೆತಲ್ಲೆಲ್ಲ ನೆರೆಹೊರೆಯವರ ಹೆಸರನ್ನು ಅಂಟಿಸಿದರು. ದಾನಿಯ ಹೆಸರು, ವಾಸಿಸಿದವನ ಹೆಸರು, ಅಂಕಿತವಾದ ಹೆಸರು ಎಂಬ ಈ ಮೂರನ್ನೂ ಒಂದರ ನಂತರ ಒಂದಾಗಿ ನೋಡುವ ಅವಕಾಶವು ಈ ಒಂದು ದಿನದ ದಾರಿಗೆ ವಿಶಿಷ್ಟವಾದುದು.

ಹಾಗೆಂದು ಶರಣರು ಪಯಣವನ್ನೇ ನಿರಾಕರಿಸಿದರೆಂದು ಹೇಳುವಂತಿಲ್ಲ. ತೀರ್ಥಸ್ನಾನದ ಪುಣ್ಯವನ್ನು ಹಾಸ್ಯ ಮಾಡಿದ ಪರಂಪರೆಯಲ್ಲಿಯೇ ಅಕ್ಕಮಹಾದೇವಿ ಉಡುತಡಿಯಿಂದ ಬಸವಣ್ಣನವರು ನೆಲೆಸಿದ್ದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲದ ಕದಳಿಗೂ ನಡೆದಳು, ಅಲ್ಲಮಪ್ರಭು ಜೀವಮಾನವೆಲ್ಲ ಸಂಚಾರಿಯಾಗಿದ್ದರು, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ ಗುಡಿ ಎತ್ತಿಸಿದ ಸಿದ್ಧರಾಮರು ಅಲ್ಲಮರ ಪ್ರಶ್ನೆಗಳಿಂದ ಕದಲಿ ಕಲ್ಯಾಣಕ್ಕೆ ಬಂದರು. ಆದುದರಿಂದ ಕಾಲು ಚಲಿಸುವುದನ್ನು ಜಂಗಮವೆಂದೂ ಕಲ್ಲು ನಿಲ್ಲುವುದನ್ನು ಸ್ಥಾವರವೆಂದೂ ಸರಳವಾಗಿ ವಿಂಗಡಿಸಲಾಗದು. ನೂರಾರು ಕಿಲೋಮೀಟರ್ ಬಸ್ಸಿನಲ್ಲಿ ಸಾಗಿದವನ ಒಳಗೆ ಏನೂ ಕದಲದಿದ್ದರೆ ಅದು ಸ್ಥಾವರವೊಂದು ಚಕ್ರದ ಮೇಲೆ ಸಾಗಿದಂತೆ. ಒಂದು ಊರು ತನ್ನಲ್ಲಿಗೆ ಬಂದವರನ್ನು ಹಿಡಿದಿಟ್ಟುಕೊಳ್ಳದೆ ಮುಂದಕ್ಕೆ ಕಳುಹಿಸಿದರೆ ಆ ಊರೇ ಜಂಗಮ.

ಕೂಡಲಸಂಗಮದ ವಿಷಯದಲ್ಲಿ ಇದು ಕೇವಲ ಶಬ್ದಚಮತ್ಕಾರವಲ್ಲವೆಂಬುದಕ್ಕೆ ಕವಿ ಹರಿಹರನ ‘ಬಸವರಾಜದೇವರ ರಗಳೆ’ಯ ಕಥನವೇ ಆಧಾರ. ತಂದೆತಾಯಿಗಳನ್ನು ಕಳೆದುಕೊಂಡ ಬಸವನು ಬಾಗೇವಾಡಿಯನ್ನೂ ಜನಿವಾರವನ್ನೂ ತೊರೆದು, ಆಗ ಕಪ್ಪಡಿ ಸಂಗಮವೆನಿಸಿದ್ದ ಈ ಊರಿಗೆ ಬಂದು, ಸ್ಥಾನಪತಿಯಾದ ಈಶಾನ್ಯ ಗುರುವಿನ ಆಶ್ರಯದಲ್ಲಿ ಹೂವು ನೀರು ತರುವ ಸೇವೆಗೆ ನಿಂತು, ಸಂಗಮನಾಥನ ಪೂಜೆಯಲ್ಲಿ ತನ್ನನ್ನು ಮರೆತಿರುವಾಗ, ಆ ದೇವರೇ ಕನಸಿನಲ್ಲಿ ಬಂದು ಅರಸ ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗಬೇಕೆಂದು ಹೇಳುತ್ತಾನೆ. ತನ್ನನ್ನು ಬಿಟ್ಟುಹೋಗೆಂದು ದೇವರು ಹೇಳುವುದನ್ನು ತಾಳಲಾರದೆ ಭಕ್ತನು ಗೋಳಿಡುತ್ತಾನೆ. ಆಗ ದೇವರು ಅವನನ್ನು ಸಂತೈಸಿ, ನಂದಿಯ ಬಾಯಿಂದ ಒಂದು ಲಿಂಗವನ್ನು ಅನುಗ್ರಹಿಸುತ್ತಾನೆ, ಬಸವನು ಅದನ್ನು ಕೈಯಲ್ಲಿ ಹಿಡಿದು ಊರನ್ನು ಬಿಡುತ್ತಾನೆ. ಈ ಪ್ರಸಂಗವನ್ನು ಪವಾಡವೆಂದು ನಂಬುವುದೋ ಬಿಡುವುದೋ ಓದುಗನಿಗೆ ಬಿಟ್ಟದ್ದು. ಆದರೆ ಕಥನದ ತರ್ಕ ಸ್ಪಷ್ಟವಾಗಿದೆ. ಕೈಯೊಳಗಿನ ಲಿಂಗ ದೊರೆಯುವುದು ಊರಿಗೆ ಬಂದ ಗಳಿಗೆಯಲ್ಲಲ್ಲ, ಊರನ್ನು ಬಿಡುವ ಗಳಿಗೆಯಲ್ಲಿ. ಸ್ಥಾವರದ ಸನ್ನಿಧಿಯಲ್ಲಿಯೇ ಉಳಿಯಲು ಬಯಸಿದ ಭಕ್ತನನ್ನು ಸ್ಥಾವರವೇ ಹೊರಗೆ ಕಳುಹಿಸುತ್ತದೆ, ಕಳುಹಿಸುವಾಗ ತನ್ನನ್ನು ಒಯ್ಯಬಹುದಾದಷ್ಟು ಚಿಕ್ಕದು ಮಾಡಿಕೊಡುತ್ತದೆ. ಬೇರೆ ಕ್ಷೇತ್ರಗಳ ಸ್ಥಳಪುರಾಣಗಳು ದೇವರು ಅಲ್ಲಿಗೆ ಬಂದು ನೆಲೆಸಿದ ಕಥೆಯನ್ನು ಹೇಳಿದರೆ, ಕೂಡಲಸಂಗಮದ ಮಹಿಮೆ ನಿಂತಿರುವುದು ಅದು ತನ್ನ ಅತ್ಯಂತ ಪ್ರಿಯನಾದ ಭಕ್ತನನ್ನು ಬೀಳ್ಕೊಟ್ಟ ಕಥೆಯ ಮೇಲೆ.

ಬೀಳ್ಕೊಟ್ಟದ್ದು ಭಕ್ತನೊಬ್ಬನನ್ನು ಮಾತ್ರವಲ್ಲ, ಊರು ತನ್ನ ಹೆಸರನ್ನೂ ಅವನ ಜೊತೆಗೆ ಕಳುಹಿಸಿತು. ಕೂಡಲಸಂಗಮದೇವ ಎಂಬ ಅಂಕಿತವು ಮಂಗಳವಾಡದ ಮೂಲಕ ಕಲ್ಯಾಣಕ್ಕೆ ಹೋಯಿತು, ಕಲ್ಯಾಣದ ಕ್ರಾಂತಿಯೆಂದು ಕರೆಯುವ ಶರಣರ ಚಳವಳಿ 1160ರ ದಶಕದ ಕೊನೆಯಲ್ಲಿ ಚದುರಿದ ಮೇಲೆ ಓಲೆಗರಿಗಳ ಕಟ್ಟುಗಳಲ್ಲಿ ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಸಾಗಿತು. ವಿಜಯಪುರದಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ, ವಕೀಲಿಯ ಗಳಿಕೆಯನ್ನು ಅದಕ್ಕೇ ಸುರಿದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ಮೇಲೆ ಅದೇ ಹೆಸರು ಅಚ್ಚಿನ ಮೂಲಕ ಸಂಗಮವನ್ನು ಎಂದೂ ಕಾಣದವರ ನಾಲಿಗೆಗೂ ತಲುಪಿತು. ಊರಿನ ಕಲ್ಲಿಗಿಂತ ಊರಿನ ಹೆಸರು ಎಷ್ಟು ಆಳವಾಗಿ ಬೇರೂರಿತೆಂಬುದಕ್ಕೆ ಇತ್ತೀಚಿನ ಇತಿಹಾಸದಲ್ಲಿಯೂ ನಿದರ್ಶನವಿದೆ. ಕೂಡಲಸಂಗಮದಲ್ಲಿಯೇ ಬಸವಧರ್ಮ ಪೀಠವನ್ನು ಮುನ್ನಡೆಸಿದ ಮಾತೆ ಮಹಾದೇವಿಯವರು ‘ವಚನದೀಪ್ತಿ’ ಎಂಬ ತಮ್ಮ ಗ್ರಂಥದಲ್ಲಿ ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ದೊಡ್ಡ ವಿವಾದವೆದ್ದು, 1998ರಲ್ಲಿ ರಾಜ್ಯ ಸರ್ಕಾರ ಆ ಗ್ರಂಥವನ್ನು ನಿಷೇಧಿಸಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಿಡಿಯಿತು. ಒಂದು ಊರಿಗೆ ಕಟ್ಟುಬಿದ್ದ ಹೆಸರಿಗಿಂತ ಎಲ್ಲರಿಗೂ ಸಲ್ಲುವ ಹೆಸರು ಮೇಲೆಂಬ ಒಂದು ವಾದವೂ, ಬರೆದವರು ಇಟ್ಟ ಹೆಸರನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲವೆಂಬ ಇನ್ನೊಂದು ವಾದವೂ ಇಲ್ಲಿ ಎದುರುಬದುರಾದವು. ಸ್ಥಳವನ್ನು ಮೀರಬೇಕೆಂಬ ಆಸೆ ಮತ್ತು ಸ್ಥಳದ ನೆನಪನ್ನು ಅಳಿಸಬಾರದೆಂಬ ಎಚ್ಚರ ಎರಡೂ ಶರಣಚಿಂತನೆಯೊಳಗಿನವೇ ಆದುದರಿಂದ, ಈ ವಿವಾದವು ನ್ಯಾಯಾಲಯದಲ್ಲಿ ಮುಗಿದರೂ ವಿಚಾರದಲ್ಲಿ ಉಳಿದಿದೆ.

ನೆಟ್ಟದ್ದು ಕದಲುವುದಿಲ್ಲವೆಂಬ ಭಾವನೆಯನ್ನು ಈ ಪ್ರದೇಶದ ನೀರೇ ಸುಳ್ಳು ಮಾಡಿದೆ. ಕೆಳಗಡೆ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟು 1980ರ ದಶಕದ ಆರಂಭದಲ್ಲಿ ಪೂರ್ಣಗೊಂಡು, ಅದರ ಹಿನ್ನೀರು ಸಂಗಮದವರೆಗೆ ನಿಂತಾಗ, ಬಸವಣ್ಣನವರ ಐಕ್ಯಮಂಟಪ ನೀರಿನ ಪಾಲಾಗುವ ಪರಿಸ್ಥಿತಿ ಬಂತು. ಮಂಟಪವನ್ನು ಎತ್ತಿ ಬೇರೆಡೆಗೆ ಒಯ್ಯದೆ, ಅದರ ಸುತ್ತ ಆಳವಾದ ಬಾವಿಯಂತೆ ಗೋಡೆ ಕಟ್ಟಿ, ದಡದಿಂದ ಸೇತುವೆ ಹಾಸಿ, ಒಳಗೆ ಮೆಟ್ಟಿಲಿಳಿದು ಹೋಗುವ ಏರ್ಪಾಡು ಮಾಡಲಾಯಿತು. ಇಂದಿನ ಯಾತ್ರಿಕನು ಸುತ್ತಲ ನೀರಿನ ಮಟ್ಟಕ್ಕಿಂತ ಕೆಳಗಿಳಿದು, ಒಣನೆಲದ ಮೇಲೆ ನಿಂತು, ಗೋಡೆಯ ಆಚೆಗೆ ನಿಂತ ನದಿಯನ್ನು ಮನಸ್ಸಿನಲ್ಲಿ ಮಾತ್ರ ಕಾಣುತ್ತ ಆ ಲಿಂಗವನ್ನು ನೋಡುತ್ತಾನೆ. ಆರು ಸ್ಥಲಗಳ ಸಾಧನಾಮಾರ್ಗವಾದ ಷಟ್‌ಸ್ಥಲದಲ್ಲಿ ಐಕ್ಯವೆಂಬ ಕೊನೆಯ ಸ್ಥಲವು ಅಂಗ ಮತ್ತು ಲಿಂಗಗಳ, ಎಂದರೆ ಜೀವ ಮತ್ತು ಶಿವಗಳ, ಬೇರೆತನ ಕರಗಿದ ಸಾಮರಸ್ಯವನ್ನು ಹೇಳುತ್ತದೆ. ಆ ಕರಗುವಿಕೆಯ ಗುರುತನ್ನು ನೀರಿನಲ್ಲಿ ಕರಗದಂತೆ ಕಾಪಾಡಲು ಮನುಷ್ಯರು ಗೋಡೆ ಕಟ್ಟಬೇಕಾಯಿತು ಎಂಬುದರಲ್ಲಿ ಒಂದು ವಿರೋಧಾಭಾಸವಿದೆ. ಆದರೆ ಅದನ್ನು ಕೊಂಕಿನಿಂದ ನೋಡಬೇಕಾಗಿಲ್ಲ. ಮರೆಯಬಾರದೆಂಬ ಹಂಬಲವು ತತ್ತ್ವಕ್ಕಿಂತ ಹಿಂದಿನದು, ಅದನ್ನು ತತ್ತ್ವವು ತಿದ್ದಬಹುದೇ ಹೊರತು ಇಲ್ಲವಾಗಿಸಲಾರದು.

ಇದೇ ಕೃಷ್ಣೆಯ ಮೇಲ್ಭಾಗದಲ್ಲಿ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯ ಬಹುಭಾಗವನ್ನು ನುಂಗಿದುದರಿಂದ ಅಲ್ಲಿನ ಸಾವಿರಾರು ಮನೆಗಳು ನವನಗರಕ್ಕೆ ಸರಿದವು. ಓಣಿಯ ಗುಡಿಯನ್ನೂ ಬಾವಿಕಟ್ಟೆಯನ್ನೂ ನೀರಿಗೆ ಬಿಟ್ಟು ಬಂದವರ ಮಟ್ಟಿಗೆ ಪ್ರವಾಸವೆಂಬ ಶಬ್ದದ ಹಳೆಯ ಅರ್ಥ, ಮನೆಯಗಲಿ ಬೇರೆಡೆ ನೆಲೆಸುವುದು, ನಿಘಂಟಿನ ವಿಷಯವಾಗಿ ಉಳಿದಿಲ್ಲ. ರಜೆಯ ದಿನ ನವನಗರದಿಂದ ಸಂಗಮಕ್ಕೆ ಹೊರಡುವ ಹಿರಿಯರೊಬ್ಬರು ನೀರಿನ ಮುಂದೆ ನಿಂತಾಗ, ದೂರದ ನಗರದಿಂದ ಬಂದವನಿಗೆ ಸುಂದರ ದೃಶ್ಯವಾಗಿ ಕಾಣುವ ಅದೇ ನೀರು ಅವರಿಗೆ ಬೇರೆಯೇ ಆಗಿ ಕಂಡರೆ ಆಶ್ಚರ್ಯವಿಲ್ಲ.

ಇಂಥ ಕ್ಷೇತ್ರದಲ್ಲಿ ದಾರಿ ತೋರಿಸುವವರ ಸ್ಥಾನವೇನು ಎಂಬುದು ಮುಂದಿನ ಪ್ರಶ್ನೆ. ಅರಿವನ್ನೇ ಗುರುವೆಂದು ಒಪ್ಪುವ ಪರಂಪರೆಯಲ್ಲಿ ಗೈಡ್ ಎಂಬಾತ ಗುರುವಿನ ಸ್ಥಾನವನ್ನು ತುಂಬಲಾರ, ತುಂಬಬೇಕಾಗಿಯೂ ಇಲ್ಲ. ಆತನದು ಒಂದು ಕಾಯಕ. ಕಾಯಕವೆಂದರೆ ಹೊಟ್ಟೆಪಾಡಿನ ದುಡಿಮೆಯೇ ಆಗಿದ್ದು, ಸತ್ಯಶುದ್ಧವಾಗಿ ಮಾಡಿದಾಗ ಪೂಜೆಗೆ ಸಮವಾಗುವ ಕೆಲಸ. ಈ ಕಾಯಕದ ಶುದ್ಧಿ ಇರುವುದು ಎರಡು ಬಗೆಯ ವಾಕ್ಯಗಳನ್ನು ಬೆರೆಸದೆ ಹೇಳುವುದರಲ್ಲಿ. ದುರ್ಗದ ಗುಡಿಯ ಹೆಸರು ಕೋಟೆಯಿಂದ ಬಂದದ್ದು, ಮೇಗುಟಿಯ ಶಾಸನದ ಕಾಲ ಶಕ 556, ಬಸವಣ್ಣನವರನ್ನು ಹೆಸರಿಸುವ ಅರ್ಜುನವಾಡದ ಶಾಸನ 1260ರದು ಎಂಬುವು ಒಂದು ಬಗೆಯ ವಾಕ್ಯಗಳು; ನಂದಿಯ ಬಾಯಿಂದ ಲಿಂಗ ಬಂತು, ಇಲ್ಲಿಯೇ ಐಕ್ಯರಾದರು ಎಂಬುವು ಇನ್ನೊಂದು ಬಗೆಯವು. ಮೊದಲನೆಯವನ್ನು ನಂಬಿಕೆಯಂತೆ ಹೇಳಿದರೆ ಇತಿಹಾಸಕ್ಕೆ ಅಪಚಾರವಾಗುತ್ತದೆ, ಎರಡನೆಯವನ್ನು ದಾಖಲೆಯಂತೆ ಹೇಳಿದರೆ ನಂಬಿಕೆಗೂ ಅಪಚಾರವಾಗುತ್ತದೆ, ಏಕೆಂದರೆ ನಂಬಿಕೆಗೆ ಸುಳ್ಳು ಸಾಕ್ಷಿಯ ಅಗತ್ಯವಿದೆಯೆಂದು ಅದು ಒಪ್ಪಿಕೊಂಡಂತಾಗುತ್ತದೆ. ನುಡಿದುದಕ್ಕೂ ನಡೆದುದಕ್ಕೂ ಅಂತರವಿರಬಾರದೆಂಬ ಶರಣರ ಬೇಡಿಕೆಯನ್ನು ಮಾರ್ಗದರ್ಶನದ ಕೆಲಸಕ್ಕೆ ಅನ್ವಯಿಸಿದರೆ, ಕೇಳುವವರನ್ನು ಮೆಚ್ಚಿಸಲು ಕಥೆಯನ್ನು ಉಬ್ಬಿಸದಿರುವುದೇ ಅದರ ಮೊದಲ ಆಚಾರ. ಎರಡನೆಯ ಆಚಾರವೆಂದರೆ ಎಲ್ಲಿ ಮಾತು ನಿಲ್ಲಬೇಕೆಂದು ತಿಳಿಯುವುದು. ಐಕ್ಯಮಂಟಪದ ಮೆಟ್ಟಿಲುಗಳನ್ನು ಇಳಿಯುವಾಗ ವಿವರಣೆಯನ್ನು ಮುಗಿಸಿ ಹಿಂದೆ ಸರಿಯುವ ಗೈಡ್, ತನ್ನ ಕೈಹಿಡಿದು ಬಂದವರನ್ನು ಅವರ ಅರಿವಿಗೆ ಒಪ್ಪಿಸುತ್ತಾನೆ.

ಇಲ್ಲಿಯವರೆಗಿನ ವಾದಕ್ಕೆ ಎರಡು ಆಕ್ಷೇಪಗಳು ಸಹಜವಾಗಿ ಬರುತ್ತವೆ. ಕ್ಷೇತ್ರದ ಅರ್ಥವೇ ಬೀಳ್ಕೊಡುವುದಾದರೆ, ಕಲ್ಯಾಣದಿಂದ ಬಸವಣ್ಣನವರು ಸಂಗಮಕ್ಕೇ ಏಕೆ ಹಿಂತಿರುಗಿದರು, ಐಕ್ಯಕ್ಕೆ ಬೇರೆ ಜಾಗ ಸಿಗುತ್ತಿರಲಿಲ್ಲವೇ ಎಂಬುದು ಮೊದಲನೆಯದು. ಇದಕ್ಕೆ ಪರಂಪರೆಯೇ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಕಥೆಯ ಮೂಲಕ ಉತ್ತರ ಕೊಟ್ಟಿದೆ. ಬಸವಣ್ಣನವರು ಸಂಗಮದಿಂದ ಹಡಪದ ಅಪ್ಪಣ್ಣನವರನ್ನು ಕಳುಹಿಸಿ ಆಕೆಯನ್ನು ಕರೆಸಿದಾಗ, ಸಂಗಮನು ಆ ಊರಿನಲ್ಲಿ ಮಾತ್ರ ಇರುವವನೇ ಎಂಬ ಅರ್ಥದ ಪ್ರಶ್ನೆಯನ್ನೆತ್ತಿದ ಆಕೆ, ಕೃಷ್ಣೆಯ ಆಚೆ ದಡದ ತಂಗಡಗಿಯಲ್ಲಿಯೇ ಐಕ್ಯಳಾದಳೆಂದು ಹೇಳುತ್ತಾರೆ. ಹಿಂತಿರುಗಿ ಬಂದವನ ಕಥೆಯ ಪಕ್ಕದಲ್ಲಿಯೇ ಬರಬೇಕಾಗಿಲ್ಲವೆಂದವಳ ಕಥೆಯನ್ನೂ ಸಮಾನ ಗೌರವದಿಂದ ಉಳಿಸಿಕೊಂಡ ಪರಂಪರೆಯು, ಸ್ಥಳಕ್ಕೆ ಬರುವುದನ್ನು ವಿಧಿಯಾಗಿಯೂ ಮಾಡಲಿಲ್ಲ, ದೋಷವಾಗಿಯೂ ಎಣಿಸಲಿಲ್ಲ. ಬಸವಣ್ಣನವರ ಮರಳುವಿಕೆಯು ಹೊರಗೆ ಹೋಗಿ ಮಾಡಬೇಕಾದುದನ್ನು ಮಾಡಿ, ಅದರ ಗೆಲುವನ್ನೂ ಸೋಲನ್ನೂ ಉಂಡ ಮೇಲಿನದು. ಹೋಗದೆಯೇ ಉಳಿದಿದ್ದರೆ ಅದು ಮರಳುವಿಕೆಯೆನಿಸುತ್ತಿರಲಿಲ್ಲ.

ಎರಡನೆಯ ಆಕ್ಷೇಪವು ಇನ್ನಷ್ಟು ನೇರವಾದುದು: ಹರಕೆ ಹೊತ್ತು ಬರುವ ತಾಯಿಗೆ, ತೀರಿಕೊಂಡವರ ನೆನಪಿನಲ್ಲಿ ನೀರಿಗಿಳಿಯುವ ಮಗನಿಗೆ ಈ ತತ್ತ್ವವಿಚಾರದಿಂದ ಆಗಬೇಕಾದುದೇನು? ಅವರ ಪಾಲಿಗೆ ಸಂಗಮವೆಂಬುದು ಎರಡು ನದಿಗಳು ಸೇರಿದ ಪುಣ್ಯದ ನೀರು, ಅಷ್ಟೇ. ಶರಣರ ಟೀಕೆಯ ಮೊನೆ ಇಂಥವರ ಕಡೆಗೆ ತಿರುಗಿದುದೆಂದು ಭಾವಿಸಿದರೆ ಅದರ ಗುರಿಯೇ ತಪ್ಪುತ್ತದೆ. ಅವರು ಕೆಣಕಿದ್ದು ಮಿಂದರೆ ಮುಗಿಯಿತೆಂಬ ನೆಮ್ಮದಿಯನ್ನು, ಹಣ ತೆತ್ತರೆ ಪಾಪ ಕಳೆಯಿತೆಂಬ ಲೆಕ್ಕವನ್ನು. ದುಃಖವನ್ನು ಇಳಿಸಲು ನೀರಿನ ಬಳಿಗೆ ಬಂದವರು ಹಗುರಾಗಿ ಮನೆಗೆ ಮರಳಿ ಮತ್ತೆ ದುಡಿಮೆಗೆ ತೊಡಗಿದರೆ, ಅವರನ್ನೂ ಸಂಗಮವು ಬೀಳ್ಕೊಟ್ಟಿತೆಂದೇ ಹೇಳಬೇಕು.

ಕ್ಷೇತ್ರವು ಜನರ ಬಳಿಗೆ ಹೋಗುವ ಮಾದರಿಯೂ ಇದೇ ಸೀಮೆಯಲ್ಲಿದೆ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನ ಮಠದ ಪೀಠಾಧಿಪತಿಗಳಾಗಿದ್ದ ಡಾ. ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ಕಾಳು ಕಾಣಿಕೆಗಳ ಬದಲು ಕುಡಿತ, ತಂಬಾಕು ಮುಂತಾದ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಈ ಭಿಕ್ಷಾಟನೆಯ ನೆನಪಿನಲ್ಲಿ ಅವರ ಜನ್ಮದಿನವಾದ ಆಗಸ್ಟ್ 1 ಅನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಜಂಗಮವೆಂಬ ಪದದ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸುವುದು ಕಷ್ಟ, ಏಕೆಂದರೆ ಇಲ್ಲಿ ಭಕ್ತನು ತನ್ನ ಮನೆಯ ಹೊಸ್ತಿಲಿನಲ್ಲಿಯೇ ನಿಂತು ಏನನ್ನೋ ಬಿಟ್ಟು ಯಾತ್ರೆಯ ಫಲವನ್ನು ಪಡೆಯುತ್ತಾನೆ.

ಅದೇ ಇಳಕಲ್ಲಿನ ನೇಕಾರರು ಕೂಡುವಿಕೆಯ ಇನ್ನೊಂದು ಬಗೆಯನ್ನು ಕೈಯಲ್ಲಿ ಬಲ್ಲರು. ಸೀರೆಯ ಒಡಲಿನ ಹಾಸುನೂಲೂ ಸೆರಗಿನ ಹಾಸುನೂಲೂ ಬೇರೆ ಬೇರೆಯಾಗಿದ್ದು, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ನದಿಗಳ ಕೂಟದಲ್ಲಿ ಒಂದರ ಹೆಸರು ಇನ್ನೊಂದರಲ್ಲಿ ಅಡಗುತ್ತದೆ, ಕೊಂಡಿಯಲ್ಲಿ ಎರಡೂ ತಮ್ಮ ಬಣ್ಣವನ್ನು ಉಳಿಸಿಕೊಂಡು ಒಂದೇ ಸೀರೆಯಾಗುತ್ತವೆ. ಯಾತ್ರಿಕನಿಗೂ ಕ್ಷೇತ್ರಕ್ಕೂ ಇರಬೇಕಾದ ಸಂಬಂಧ ಬಹುಶಃ ಈ ಎರಡನೆಯ ಬಗೆಯದು. ಒಂದು ಸಂಜೆಯ ಭೇಟಿಯಲ್ಲಿ ಯಾರೂ ಐಕ್ಯರಾಗುವುದಿಲ್ಲ; ಆದರೆ ಒಂದು ಎಳೆ ಇನ್ನೊಂದಕ್ಕೆ ಸಿಕ್ಕಿಕೊಂಡರೆ ನೇಯ್ಗೆಯನ್ನು ಮನೆಯಲ್ಲಿ ಮುಂದುವರಿಸಬಹುದು. ಆದುದರಿಂದ ಒಂದು ದಿನದ ಯಾತ್ರೆಯ ದೋಷವನ್ನು ಅದರ ಅವಸರದಲ್ಲಿ ಹುಡುಕುವುದು ಸರಿಯಲ್ಲ. ತಿಂಗಳುಗಟ್ಟಲೆ ಉಳಿದೂ ಬರಿದೇ ಮರಳಬಹುದು. ಬಿಟ್ಟುಹೋಗಲೆಂದೇ ಬಂದ ಭೇಟಿಯು, ಬಿಟ್ಟುಹೋಗುವುದನ್ನೇ ಪಾಠವಾಗಿ ಹೇಳುವ ಊರಿಗೆ, ಇನ್ನಾವ ಊರಿಗಿಂತಲೂ ಚೆನ್ನಾಗಿ ಹೊಂದುತ್ತದೆ.

ಈ ಸೀಮೆಯಲ್ಲಿ ಹೊರಟು ನಿಂತವರಿಗೆ ‘ಹೋಗ್ರಿ’ ಎಂದು ಬರಿದೇ ಹೇಳುವ ರೂಢಿಯಿಲ್ಲ. ಅದು ಅಶುಭವೆಂದು ‘ಹೋಗಿ ಬರ್ರಿ’ ಎನ್ನುತ್ತಾರೆ. ಸಂಗಮನಾಥನು ಬಸವನಿಗೆ ಕೊಟ್ಟ ಅಪ್ಪಣೆಯಲ್ಲಿ ಮೊದಲನೆಯ ಪದ ಮಾತ್ರ ಕೇಳಿಸಿತು, ಎರಡನೆಯದು ತಿಳಿಯಲು ಕಲ್ಯಾಣದ ಅಷ್ಟೂ ವರ್ಷಗಳು ಬೇಕಾದವು. ಹೊತ್ತು ಮುಳುಗುವಾಗ ಬಸ್ಸಿನ ಮೆಟ್ಟಿಲ ಬಳಿ ನಿಂತು ತಲೆ ಎಣಿಸಿ, ಒಬ್ಬೊಬ್ಬರನ್ನೇ ಹತ್ತಿಸಿ, ಗೈಡ್ ಕೈಮುಗಿದು ಹೇಳುವ ಮಾತೂ ಅದೇ.